ದಿನಕ್ಕೆ ನಾಲ್ಕು ಗಂಟೆ ಮಾತಾಡಿದ್ದಕ್ಕೆ

ಸರ್ಕಾರಿ ಸಿಬ್ಬಂದಿಯ ಕೆಲಸ ಅಳೆಯುವ ಮಾನ್ಯ ಅಧಿಕಾರಿಗಳೇ,

ನಾನು ದಿನಕ್ಕೆ ನಾಲ್ಕು ಗಂಟೆ ಮಾತಾಡುತ್ತೇನೆ ಎಂಬ ಕಾರಣಕ್ಕೆ ತಾವು ನನ್ನನ್ನು ‘ಹೆಚ್ಚುವರಿ ಸಿಬ್ಬಂದಿ’ ಎಂದು ವರ್ಗೀಕರಿಸಿ, ಡಿಚೋಲಿ ಕಡೆಯ ಆರೋಗ್ಯ ಕೇಂದ್ರದಿಂದ ಎತ್ತಿ ಫೋಂಡಾದ ಹಳೆಯ ಕಡತಗಳ ಗೋದಾಮಿನಲ್ಲಿ ಕೂರಿಸಿದ್ದೀರಿ. ತಮ್ಮನ್ನು ದೂರಲು ನನಗೆ ಮುಖವಿಲ್ಲ. ನಾಲ್ಕು ಗಂಟೆ ಎಂದು ಬರೆದುಕೊಟ್ಟವಳು ನಾನೇ. ಅದೂ ಹೊಸ ಪೆನ್ನು ಕೊಂಡು, ದುಂಡಗೆ, ಒಂದೂ ಚಿತ್ತಿಲ್ಲದಂತೆ. ತನ್ನ ವರ್ಗಾವಣೆ ಆದೇಶವನ್ನು ಇಷ್ಟು ಚೆಂದದ ಅಕ್ಷರದಲ್ಲಿ ತಾನೇ ಬರೆದುಕೊಂಡ ನೌಕರಳು ಗೋವಾದಲ್ಲಿ ಇನ್ನೊಬ್ಬಳಿರಲಾರಳು.

ಆದದ್ದು ಇಷ್ಟು. ಕಳೆದ ವರ್ಷ ತಮ್ಮ ಕಚೇರಿಯಿಂದ ಮರಾಠಿಯಲ್ಲಿ ಒಂದು ನಮೂನೆ ಬಂತು. ಪ್ರತಿ ನೌಕರರೂ ಹದಿನೈದು ದಿನ, ಅರ್ಧರ್ಧ ಗಂಟೆಗೆ ಏನು ಮಾಡಿದರೆಂದು ತುಂಬಬೇಕು. ನಾನು ಅಟೆಂಡೆಂಟ್. ನನ್ನ ನಮೂನೆಯಲ್ಲಿ ಗುಡಿಸುವುದು, ಒರೆಸುವುದು, ನೀರು ತುಂಬುವುದು, ಚೀಟಿ ಒಯ್ಯುವುದು ಎಂಬ ಕಾಲಮುಗಳಿದ್ದವು. ಕೊನೆಯಲ್ಲಿ ಕಿರುಬೆರಳಗಲದ ‘ಇತರೆ’ ಎಂಬ ಕಾಲಮು. ನನ್ನ ಜೊತೆ ಜವಾನನಾಗಿದ್ದ ಪರಶು ಹದಿನೈದು ದಿನದ ಲೆಕ್ಕವನ್ನು ಕೂತಲ್ಲೇ ಒಂದೇ ಸಲಕ್ಕೆ ಮುಗಿಸಿದ. ದಿನವಿಡೀ ‘ಕಡತ ಸಾಗಣೆ’. ನಮ್ಮಲ್ಲಿ ಕಂಪ್ಯೂಟರು ಬಂದು ಕಡತ ಸಾಗುವುದು ನಿಂತು ಆರು ವರ್ಷವಾಗಿತ್ತು. ನಮೂನೆ ಏನು ಕೇಳುತ್ತದೋ ಅದನ್ನೇ ಬರಿ, ತಲೆ ಓಡಿಸಬೇಡ ಎಂದು ಅವನು ನನಗೂ ಹೇಳಿದ. ನಾನು ಬಿಡುತ್ತೇನೆಯೇ? ಪ್ರಾಮಾಣಿಕತೆಯ ಬಗ್ಗೆ ಅವನಿಗೆ ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಆ ಕಾಲು ಗಂಟೆಯನ್ನೂ ‘ಇತರೆ’ಯಲ್ಲಿ ಬರೆದೆ.

ಪರಶುವನ್ನು ತಾವು ‘ಪೂರ್ಣ ಬಳಕೆಯಲ್ಲಿರುವ ಸಿಬ್ಬಂದಿ’ ಎಂದು ಮೆಚ್ಚಿಕೊಂಡಿದ್ದೀರಂತೆ. ಸಂತೋಷ.

ಇನ್ನು ನನ್ನ ಮಾತಿನ ವಿಚಾರ. ನಾನು ಬಾಯಿಬಡುಕಿ ಎಂಬುದನ್ನು ನನ್ನ ಅವ್ವ ಯಾವ ನಮೂನೆಯೂ ಇಲ್ಲದೆ ನನ್ನ ಐದನೇ ವರ್ಷಕ್ಕೇ ಪತ್ತೆಹಚ್ಚಿದ್ದಳು. ಅಪ್ಪ ವಿಜಯಪುರದ ಕಡೆಯ ತಾಂಡಾದಿಂದ ಇಲ್ಲಿಗೆ ಗಣಿ ಕೆಲಸಕ್ಕೆ ಬಂದವನು. ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕೊಂಕಣಿ, ಟೀವಿಯಲ್ಲಿ ಹಿಂದಿ. ಐದು ಭಾಷೆಯಲ್ಲಿ ಜಗಳವಾಡಬಲ್ಲ ನನಗೆ ಸರ್ಕಾರ ಪೊರಕೆ ಕೊಟ್ಟಿತು. ನಾನೂ ಖುಷಿಯಿಂದಲೇ ಹಿಡಿದೆ. ಆದರೆ ಗುಡಿಸುತ್ತ ಗುಡಿಸುತ್ತ ಒಂದು ವಿಷಯ ಕಿವಿಗೆ ಬೀಳತೊಡಗಿತು. ನಮ್ಮ ಡಾಕ್ಟರು ಒಳ್ಳೆಯವರು. ಎಲ್ಲವನ್ನೂ ಹಿಂದಿಯಲ್ಲಿ ನಿಧಾನವಾಗಿ ವಿವರಿಸಿ, ಕೊನೆಗೆ ಅರ್ಥವಾಯಿತೇ ಎಂದು ಕೇಳುತ್ತಾರೆ. ನಮ್ಮ ಕಡೆಯ ಜನ ಕೈಕಟ್ಟಿ ನಿಂತು “ಹೌದ್ರಿ” ಎನ್ನುತ್ತಾರೆ. ದೊಡ್ಡವರು ಏನು ಕೇಳಿದರೂ ಹೌದ್ರಿ. ಇಲ್ಲ ಎಂದರೆ ಅವರಿಗೆ ಅವಮಾನ, ತಿಳಿಯಲಿಲ್ಲ ಎಂದರೆ ತನಗೆ ಅವಮಾನ. ಡಾಕ್ಟರು ಸಮಾಧಾನದಿಂದ ಮುಂದಿನ ಚೀಟಿ ಕರೆಯುತ್ತಾರೆ. ರೋಗಿ ಏನೂ ತಿಳಿಯದೆ ಹೊರಗೆ ಬರುತ್ತಾನೆ. ಹದಿನಾರು ವರ್ಷ ನಾನು ಮಾಡಿದ ನಿಜವಾದ ಕೆಲಸ ಒಂದೇ. ಈ ಹೌದ್ರಿಗಳನ್ನು ಬಾಗಿಲಲ್ಲಿ ಹಿಡಿದು ನಿಲ್ಲಿಸಿ, ಅವುಗಳೊಳಗೆ ಎಷ್ಟು ಇಲ್ಲಗಳಿವೆ ಎಂದು ನೋಡುವುದು.

ನನ್ನ ನಮೂನೆಯ ಒಂಬತ್ತನೇ ದಿನದಲ್ಲಿ ‘ಚಂದವ್ವನ ಜೊತೆ ಮಾತು, ಮೂವತ್ತೈದು ನಿಮಿಷ’ ಎಂದಿದೆ. ಅದರ ಪಕ್ಕದಲ್ಲಿ ತಾವು ಕೆಂಪು ಶಾಯಿಯಲ್ಲಿ ‘ಹರಟೆ’ ಎಂದು ಬರೆದಿದ್ದೀರಿ. ಚಂದವ್ವ ಎಂಟು ತಿಂಗಳ ಬಸುರಿ, ಗಂಡ ಲಾರಿಗೆ ಅದಿರು ತುಂಬುವವನು. ಅಂದು ಅವಳೂ ಎಲ್ಲದಕ್ಕೂ ಹೌದ್ರಿ ಎಂದು ಹೊರಬಂದಳು. ನಾನು ಬೆಂಚಿನ ಮೇಲೆ ಕೂರಿಸಿ ಊರು, ಕೇರಿ, ಅತ್ತೆ ಎಲ್ಲ ಮಾತಾಡಿದೆ. ಹೌದು, ಹರಟೆಯೇ. ಇಪ್ಪತ್ತು ನಿಮಿಷದ ಹರಟೆಯ ನಂತರ ಅವಳು ಹಣೆ ಒತ್ತಿಕೊಳ್ಳುವುದು ಕಂಡು ಏನೆಂದು ಕೇಳಿದೆ.

“ನಾಕ್ ದಿನಾ ಆತ್ರಿ, ತಲಿ ಸಿಡೀತೈತಿ. ಕಣ್ಣು ಮಂಜ್ ಮಂಜ್ ಆಗಾಕತ್ತಾವ. ಅಷ್ಟ್ ದೊಡ್ಡ ಡಾಕ್ಟರಿಗೆ ತಲಿನೋವ್ ಏನ್ ಹೇಳೂದಂತ ಸುಮ್ನಾದ್ನಿ.”

ಉಳಿದ ಹದಿನೈದು ನಿಮಿಷದಲ್ಲಿ ಡಾಕ್ಟರು ಓಡಿ ಬಂದರು, ಮತ್ತೊಮ್ಮೆ ಬಿಪಿ ನೋಡಿದರು, ತೀರಾ ಏರಿತ್ತು, ಆಂಬುಲೆನ್ಸ್ ಬಂತು. ತಾಯಿ ಮಗು ಇಬ್ಬರೂ ಉಳಿದರು. ಮಗುವಿಗೆ ನನ್ನ ಹೆಸರಿಡುವುದಾಗಿ ಹೇಳಿದಳು, ಬೇಡವೆಂದೆ. ಅದರ ಬಾಯಿಯೂ ಜೋರಾಗುವ ಭಯವಿತ್ತು. ಇದನ್ನೆಲ್ಲ ನಾನು ನಮೂನೆಯಲ್ಲಿ ಬರೆಯಬೇಕಿತ್ತಲ್ಲವೇ? ಕಿರುಬೆರಳಗಲದ ಕಾಲಮಿನಲ್ಲಿ ‘ಮಾತು’ ಎಂಬ ಪದವಷ್ಟೇ ಹಿಡಿಯಿತು.

ಈಗ ಗೋದಾಮಿನಲ್ಲಿದ್ದೇನೆ. ನನ್ನ ಹುದ್ದೆಯ ಕರ್ತವ್ಯ ಕಡತ ಕಾಯುವುದು. ಅವನ್ನು ಕೇಳಿ ಯಾರೂ ಬರುವುದಿಲ್ಲ, ಅವೂ ಎಲ್ಲಿಗೂ ಹೋಗುವುದಿಲ್ಲ. ಹೊಸ ನಮೂನೆಯಲ್ಲಿ ದಿನಕ್ಕೆ ಎಂಟು ಗಂಟೆ ‘ಕಾವಲು’ ಎಂದು ಬರೆದೆ. ಕಳೆದ ತಿಂಗಳು ನನ್ನ ಕೆಲಸ ತೃಪ್ತಿಕರವಾಗಿದೆ ಎಂದು ತಮ್ಮ ಪತ್ರ ಬಂತು. ಹದಿನಾರು ವರ್ಷದಲ್ಲಿ ಮೊದಲನೆಯದು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಎರಡು ದಿನ ಓಡಾಡಿದೆ.

ಮೂರನೇ ದಿನ ಗೋದಾಮಿನ ಬಾಗಿಲಿಗೆ ರೂಪಲಪ್ಪ ಬಂದ. ಡಿಚೋಲಿಯಲ್ಲಿ ಗೋಡೆ ಕಟ್ಟುವ ಗವಂಡಿ ಕೆಲಸದ ಮುದುಕ, ನನ್ನ ಹಳೆಯ ಪರಿಚಯ. ನಾನು ಅಲ್ಲಿಂದ ಹೊರಟ ಮೇಲೆ ಅವನಿಗೆ ಕ್ಷಯ ಇದೆಯೆಂದು ಗೊತ್ತಾಗಿ ಆರು ತಿಂಗಳ ಗುಳಿಗೆ ಶುರುಮಾಡಿದ್ದರು. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ಕೇಳಿಕೊಂಡು ಕೇಳಿಕೊಂಡು ಬಂದಿದ್ದ. ಚೀಲದಿಂದ ಉಳಿದ ಗುಳಿಗೆಯ ಹಾಳೆಗಳನ್ನು ತೆಗೆದು ನನ್ನ ಮುಂದಿಟ್ಟ. ಒಂದೂ ಒಡೆದಿರಲಿಲ್ಲ.

“ತಿಂಗಳಾ ತಗೊಂಡ್ನಿರಿ ಅಕ್ಕಾರ, ಕೆಮ್ಮು ನಿಂತು, ಬಿಟ್ನಿ. ಈಗ ಮತ್ತ ಬಂದೈತಿ. ಡಾಕ್ಟರು ಪ್ರತಿ ಸಲ ಏನೋ ಕೇಳ್ತಿದ್ರು, ಹೌದ್ರಿ ಅಂತಿದ್ನಿ. ಏನ್ ಕೇಳ್ತಿದ್ರಂತ ನಿಮಗ ಗೊತ್ತಿರಬೇಕಂತ ಬಂದೇನ್ರಿ.”

ಗುಳಿಗೆ ತಪ್ಪದೆ ನುಂಗುತ್ತಿದ್ದೀಯಾ ಎಂದು ಕೇಳುತ್ತಿದ್ದರು, ಮಾನ್ಯರೇ. ಮತ್ತೇನು ಕೇಳಿಯಾರು? ನಾನು ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ಕಚೇರಿ ಹೊತ್ತಿನಲ್ಲಿ ಸ್ವಂತ ಫೋನು ಬಳಸಿದ್ದಕ್ಕೆ ನನಗೊಂದು ನೋಟೀಸೂ ಬಂದಿದೆ, ಅದರ ಉತ್ತರ ಬೇರೆ ಕಳಿಸುತ್ತೇನೆ. ಹಳೆಯ ಗುಳಿಗೆ ಇನ್ನು ನಾಟುತ್ತದೆಯೋ ಇಲ್ಲವೋ, ಕಫದ ರಿಪೋರ್ಟು ಬರಬೇಕು ಎಂದರು ಡಾಕ್ಟರು. ಇನ್ನೂ ಬಂದಿಲ್ಲ. ರೂಪಲಪ್ಪ ಮಲಗುವ ತಗಡಿನ ಶೆಡ್ಡಿನಲ್ಲಿ ಇನ್ನೂ ಆರು ಜನ ಮಲಗುತ್ತಾರೆ. ಅವರಲ್ಲಿ ಇಬ್ಬರು ಅವನ ಮೊಮ್ಮಕ್ಕಳು. ಆ ನಮೂನೆಯಲ್ಲಿ ಪರಶುವಿನಂತೆ ನಾನೂ ‘ಗುಡಿಸುವುದು, ಎಂಟು ಗಂಟೆ’ ಎಂದು ಸುಳ್ಳು ಬರೆದಿದ್ದರೆ ಇಷ್ಟು ಹೊತ್ತಿಗೆ ಅವನ ಗುಳಿಗೆ ನಾಲ್ಕು ತಿಂಗಳು ಮುಗಿದಿರುತ್ತಿತ್ತು. ನನ್ನ ಪ್ರಾಮಾಣಿಕತೆಯ ಜಂಬಕ್ಕೆ ಅವನ ಎದೆ ದಂಡ ತೆರುತ್ತಿದೆ.

ಆದ್ದರಿಂದ ನನ್ನ ಬೇಡಿಕೆ ಎರಡೇ. ಒಂದು, ತಮ್ಮ ನಮೂನೆಯಲ್ಲಿ ರೋಗಿಗೆ ತಿಳಿಯುವಂತೆ ಹೇಳುವ ಕೆಲಸಕ್ಕೆ ಒಂದು ಕಾಲಮು ಕೊಡಿ, ಅಂಗೈಯಗಲದ್ದು. ಎರಡು, ಆ ಕಾಲಮು ತುಂಬಲು ನನ್ನನ್ನು ವಾಪಸು ಕಳಿಸಿ. ಬಡ್ತಿ ಬೇಡ. ಪೊರಕೆಯನ್ನೂ ಹಿಡಿಯುತ್ತೇನೆ.

ಐದು ಭಾಷೆ ಗೊತ್ತಿದ್ದೂ ಈ ಪತ್ರವನ್ನು ಬೇಕೆಂದೇ ಕನ್ನಡದಲ್ಲಿ ಬರೆದಿದ್ದೇನೆ. ತಮಗೆ ಓದಲು ಬಾರದು. ಆದರೆ ತಮ್ಮ ಕಚೇರಿಯ ಮೂಲೆಯಲ್ಲೂ ನನ್ನಂಥ ಒಬ್ಬರು ಇದ್ದೇ ಇರುತ್ತಾರೆ, ಟೀ ತರುವವರೋ ನೆಲ ಒರೆಸುವವರೋ. ಅವರನ್ನು ಕರೆದು, ಕುರ್ಚಿ ಕೊಟ್ಟು, ಓದಿಸಿಕೊಳ್ಳಿ. ಅವರ ಆ ಅರ್ಧ ಗಂಟೆಯನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂದು ಯೋಚಿಸಿ. ಓದಿ ಮುಗಿಸಿ ಅವರು ತಮ್ಮ ಮುಖ ನೋಡುತ್ತಾರೆ, ತಿಳಿಯಿತೇ ಎಂದು ಕೇಳುತ್ತಾರೆ.

ತಿಳಿಯದಿದ್ದರೆ ದಯವಿಟ್ಟು ಹೌದು ಎನ್ನಬೇಡಿ.

ಇಂತಿ,
ಸದ್ಯ ತೃಪ್ತಿಕರವಾಗಿ ಬಾಯಿ ಮುಚ್ಚಿಕೊಂಡಿರುವ
ಕೇಸರಿಬಾಯಿ
ಕಡತ ಕಾವಲು, ಫೋಂಡಾ