ಮುಖ ಒಬ್ಬನಿಗೆ, ಹೊಟ್ಟೆ ಒಬ್ಬನಿಗೆ

ಫೆಬ್ರವರಿ 3, ಬೆಳಿಗ್ಗೆ
ಯಾರದು ಓದುತ್ತಿರುವುದು? ಮಾನ ಇದ್ದರೆ ಮುಚ್ಚಿಡು. ಇಲ್ಲದಿದ್ದರೆ ಕೈಯಾದರೂ ತೊಳೆದುಕೊಂಡು ಓದು.
ಸೊಸೆಯ ಮುಖ ಇವತ್ತೂ ಕೆಂಡ. ಆಮೇಲೆ ಬಾತ್‌ರೂಮಿಗೆ ಓಟ. ಚರ್ಮದ ಡಾಕ್ಟರು ಮುಲಾಮು ಬರೆದ. ಹೊಟ್ಟೆಯವನು ಗ್ಯಾಸ್ ಮಾತ್ರೆ. ಮೂರನೆಯವನು, "ಮುಟ್ಟು ನಿಲ್ಲೋ ವಯಸ್ಸು ಅಜ್ಜಿ" ಎಂದ. ಮುಖ ಒಬ್ಬನಿಗೆ, ಹೊಟ್ಟೆ ಒಬ್ಬನಿಗೆ — ಆಸ್ತಿ ಪಾಲು ಮಾಡಿಕೊಂಡ ಹಾಗೆ. ಇವಳಿಗೋ ಮುಖದವನ ಹತ್ತಿರ ಹೊಟ್ಟೆಯ ವಿಷಯ ಹೇಳಲು ನಾಚಿಕೆ. ಟೀಚರಂತೆ, ಟೀಚರು!

ಫೆಬ್ರವರಿ 9
ಕೆಂಪು ಮುಖ ನೋಡಿ, ಕುಡಿದು ಕ್ಲಾಸಿಗೆ ಬರುತ್ತಾಳೆ ಎಂದು ಶಾಲೆಯಲ್ಲಿ ಗುಸುಗುಸು. ಮಗ ಏನು ಮಾಡಿದ? ಹೆಂಡತಿಯ ಬಾಯಿ ಮೂಸಿ ನೋಡಿದ. ನಾನು ಹೆತ್ತ ಮಹಾನುಭಾವ.

ಫೆಬ್ರವರಿ 17
ಹೊಸ ಡಾಕ್ಟರಮ್ಮ. "ಮುಖ ಕೆಂಪಾದಾಗ ಬೆವರು ಬರುತ್ತಾ?" ಇಲ್ಲ. "ಭೇದಿ?" ಇವಳು ನೆಲ ನೋಡಿದಳು.
"ಹೇಳೇ, ಬಾಯಿಗೆ ಬೀಗ ಹಾಕಿದಾರಾ?" ಎಂದೆ. ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕರುಳಲ್ಲಿ ಗಡ್ಡೆ ಕೂತು ರಕ್ತಕ್ಕೆ ಏನೋ ರಸ ಬಿಡುತ್ತಿರಬಹುದು, ಅದಕ್ಕೇ ಎರಡೂ ಎಂದರು. ಆ ರಸ ಎಷ್ಟಿದೆ ಎಂದು ನೋಡಲು ಇಡೀ ದಿನದ ಮೂತ್ರ ಕ್ಯಾನಿನಲ್ಲಿ ಹಿಡಿಯಬೇಕು. ಬಾಳೆಹಣ್ಣು, ಟೊಮೆಟೊ ಮುಟ್ಟಕೂಡದು — ತಿಂದರೆ ರಿಪೋರ್ಟು ಸುಳ್ಳು ಹೇಳುತ್ತದೆ.

ಫೆಬ್ರವರಿ 27
ರಿಪೋರ್ಟಿನಲ್ಲಿ ಆ ರಸ ಜಾಸ್ತಿ ಬಂತು. ಡಾಕ್ಟರಮ್ಮ ಫೋನಿನಲ್ಲಿ ಬಾಳೆಹಣ್ಣು ತಿಂದಿದ್ದಳಾ ಎಂದು ಕೇಳಿದರು. ಮಗ ಹಲ್ಲು ಕಿರಿದ.
"ಸುಸ್ತಾಗಿದಾಳೆ ಅಂತ ನಾನೇ ತಿನ್ನಿಸ್ದೆ. ನೋಡಮ್ಮ, ಕಾಯಿಲೇನೇ ಇಲ್ಲ, ಎಲ್ಲಾ ಬಾಳೆಹಣ್ಣಿಂದು!"
ಕುಣಿಯುವುದೊಂದು ಬಾಕಿ.
"ಹೋದ ವರ್ಷ ಕೆಂಪಾಗಿದ್ದೂ ಬಾಳೆಹಣ್ಣಿಂದಾನಾ, ಪೆದ್ದಪ್ಪ? ಹಿಡಿ ಇನ್ನೊಂದು ಕ್ಯಾನು."

ಮಾರ್ಚ್ 14
ಹಣ್ಣು ಬಿಟ್ಟರೂ ಜಾಸ್ತಿಯೇ. ಸ್ಕ್ಯಾನ್ ಆಯಿತು. ಕರುಳಿನ ಕೊನೆಯಲ್ಲಿ ಗಡ್ಡೆ, ಲಿವರಿನಲ್ಲಿ ಚುಕ್ಕಿಗಳು. "ನಿಧಾನಕ್ಕೆ ಬೆಳೆಯೋ ಜಾತಿ. ಲಿವರಿಂದು ಇಂಜೆಕ್ಷನ್‌ನಲ್ಲಿ ಹಿಡಿದಿಡೋಣ. ಕರುಳಿಂದನ್ನ ಮಾತ್ರ ದಾರಿ ಮುಚ್ಚೋ ಮೊದಲು ತೆಗೀಬೇಕು" ಎಂದರು. ಮಗ ಕುರ್ಚಿಯಿಂದ ಏಳಲಿಲ್ಲ. ನಾನೇ ತೋಳು ಹಿಡಿದು ಎಬ್ಬಿಸಿದೆ.

ಮಾರ್ಚ್ 22, ಸಂಜೆ
ಮಹಾತಾಯಿ ಆಪರೇಷನ್ ಮುಂದಕ್ಕೆ ಹಾಕುತ್ತಾಳಂತೆ. "ಪರೀಕ್ಷೆ ಮುಗೀಲಿ ಅತ್ತೆ. ಮಕ್ಕಳ ಪೇಪರ್ ಯಾರು ತಿದ್ತಾರೆ?"
"ನಿನ್ನ ಕರುಳು ಟೈಮ್‌ಟೇಬಲ್ ನೋಡುತ್ತೇನೇ?"
ಅತ್ತುಬಿಟ್ಟಳು. ಮಲಗಿಸಿದ ಮೇಲೆ ಏಳದೇ ಹೋದರೆ ಎಂದು ಭಯವಂತೆ.
ಭಯ ಇದ್ದರೆ ಭಯ ಎನ್ನಬೇಕು. ಪೇಪರನ್ನೇಕೆ ಅಡ್ಡ ತರುತ್ತೀ? ಈ ಡೈರಿಯನ್ನು ನಿನ್ನ ದಿಂಬಿನ ಮೇಲೇ ಇಡುತ್ತಿದ್ದೇನೆ, ಓದು. ಆಪರೇಷನ್ ಬಾಗಿಲ ತನಕ ಬರುತ್ತೇನೆ. ಹೊರಗೇ ಕೂತಿರುತ್ತೇನೆ. ಕಣ್ಣು ಬಿಟ್ಟಾಗ ಬೈಯಲು ಯಾರಾದರೂ ಬೇಕಲ್ಲ. ಬಾಯಲ್ಲಿ ಹೇಳಲಾಗದಿದ್ದರೆ ಕೆಳಗೆ ಬರೆ — ಆಪರೇಷನ್ನಿಗೆ ಹೂಂ ಅಥವಾ ಉಹುಂ. ಏಪ್ರಿಲ್ ಹುಟ್ಟುವ ಮೊದಲು ಉತ್ತರ ಬೇಕು. ಉಹುಂ ಎಂದೇನಾದರೂ ಬರೆದೆಯೋ...