ಬೀಗಿತ್ತಿಯ ಬದನೆ ಗಿಡಕ್ಕೆ ಸೋಪಿನ ನೀರು

ಮಾರ್ಚ್ 3, ಸೋಮವಾರ

ಬೆಳಗ್ಗೆ ಕೂಸಿನ ಬಟ್ಟೆ ಒಗೆದು ತಾರಸಿಯಲ್ಲಿ ಒಣಹಾಕಿ ಬಂದೆ. ಮಗಳ ಮನೆಯಲ್ಲಿ ವಾಷಿಂಗ್ ಮೆಷಿನ್ ಇದೆ. ಅದರ ಮೇಲೆ ನನಗೆ ನಂಬಿಕೆ ಇಲ್ಲ. ಕಾಲರ್ ಎಲ್ಲಿದೆ, ತೋಳು ಎಲ್ಲಿದೆ, ಅದಕ್ಕೇನು ಗೊತ್ತು. ಜೀವಮಾನವೆಲ್ಲ ಲಾಂಡ್ರಿ ನಡೆಸಿದ ಕೈ, ಸುಮ್ಮನೆ ಕೂರುವುದಿಲ್ಲ.

ಬೀಗಿತ್ತಿ ಆಗಲೇ ತಾರಸಿಯಲ್ಲಿದ್ದರು. ಅವರದೂ ಅದೇ ಕಥೆ — ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ರಿಟೈರ್ ಆದವರು, ಈಗ ರೋಗಿಗಳ ಬದಲು ಗಿಡಗಳು. ಪೇಂಟ್ ಡಬ್ಬ, ಒಡೆದ ಬಕೆಟ್, ಎಲ್ಲದರಲ್ಲೂ ಬದನೆ, ಹುರುಳಿಕಾಯಿ, ಟೊಮೆಟೊ, ಮೆಣಸಿನಕಾಯಿ. ಮಂಚ ಹಾಕಿದ ಹಾಗೆ ಸಾಲಾಗಿ. ಬೆಳಗ್ಗೆ ಸಂಜೆ ರೌಂಡ್ಸ್. ಇಡೀ ಬಿಲ್ಡಿಂಗು ಅವರನ್ನು ಸಿಸ್ಟರ್ ಅಂತಲೇ ಕರೆಯುತ್ತದೆ. ಅಳಿಯನೂ ಒಮ್ಮೊಮ್ಮೆ ಬಾಯಿತಪ್ಪಿ ಹೆತ್ತ ತಾಯಿಯನ್ನೇ ಸಿಸ್ಟರ್ ಅಂದುಬಿಡುತ್ತಾನೆ.

ಒಂದೇ ಮನೆಯಲ್ಲಿ ಇಬ್ಬರು ಬೀಗಿತ್ತಿಯರು, ಒಂದು ಕೂಸು. ಸರದಿಯ ಮೇಲೆ ಎತ್ತಿಕೊಳ್ಳುತ್ತೇವೆ. ಇಲ್ಲಿಯ ತನಕ ಒಂದು ಮಾತು ಹೆಚ್ಚು ಕಮ್ಮಿ ಆಗಿಲ್ಲ. ಹೀಗೇ ಇರಬೇಕು. ನಾವು ಮುಖ ಮುರಿದುಕೊಂಡರೆ ನಡುವೆ ನಜ್ಜುಗುಜ್ಜಾಗುವವಳು ನನ್ನ ಮಗಳು.

ತಂಗಿಗೆ ಕಾಗದ ಬರೆಯಬೇಕು.

ಮಾರ್ಚ್ 5, ಬುಧವಾರ

ಬದನೆ ಎಲೆಯ ಅಡಿಯಲ್ಲಿ ಹೇನು. ಹಸಿರು ಬಣ್ಣ, ಎಳ್ಳಿಗಿಂತ ಚಿಕ್ಕವು, ಒತ್ತೊತ್ತಾಗಿ ಕೂತು ರಸ ಹೀರುತ್ತಿವೆ. ಎಲೆ ಮುದುರಿದೆ. ಮುಟ್ಟಿದರೆ ಅಂಟಂಟು. ಆ ಅಂಟಿಗೆ ಇರುವೆಗಳ ಮೆರವಣಿಗೆ ಬೇರೆ. ಹುರುಳಿಕಾಯಿ ಬಳ್ಳಿಯಲ್ಲೂ ಶುರುವಾಗಿದೆ.

ಬೀಗಿತ್ತಿ ನಾಳೆ ಊರಿಗೆ. ಜತೆಗೆ ಕೆಲಸ ಮಾಡಿದವರೊಬ್ಬರಿಗೆ ಮಂಡಿ ಆಪರೇಷನ್ ಅಂತೆ. ಶನಿವಾರ ವಾಪಸ್.

"ಬೀಗ್ರೇ, ನೀರು ಮಾತ್ರ ಹಾಕಿ. ಬೇರೇನೂ ಮಾಡ್ಬೇಡಿ. ಹುಳ ನಾನು ಬಂದ್ಮೇಲೆ ನೋಡ್ಕೋತೀನಿ."

"ನೀವು ಬರೋ ತನಕ ಅವು ಕಾಯ್ತಾವಾ?"

"ಕಾಯ್ತಾವೆ. ಅವಕ್ಕೇನು ಬಸ್ ಹಿಡಿಯೋದಿದೆಯಾ."

ಮಾರ್ಚ್ 6, ಗುರುವಾರ. ಮಧ್ಯಾಹ್ನ

ಕಾಯಲಿಲ್ಲ. ಬೆಳಗಾಗುವುದರಲ್ಲಿ ಹುಳ ಇಮ್ಮಡಿ. ನೋಡಿಕೊಂಡು ಹೇಗೆ ಕೂರುವುದು.

ಸೋಪಿನ ನೀರು ಹೊಡೆದರೆ ಸಾಯುತ್ತವೆ ಅಂತ ಹಿಂದೆ ಬಟ್ಟೆ ಸುತ್ತುವ ಹಳೇ ಪೇಪರಿನಲ್ಲಿ ಓದಿದ್ದೆ. ನನ್ನ ಓದೆಲ್ಲ ಆ ಪೇಪರುಗಳಲ್ಲೇ. ಅರ್ಧ ಸುದ್ದಿ ಗಿರಾಕಿಯ ಪೊಟ್ಟಣದ ಜತೆ ಹೊರಟುಹೋಗುತ್ತಿತ್ತು. ಇದರ ಉಳಿದರ್ಧವೂ ಹಾಗೇ ಹೋಗಿದೆ. ಇರಲಿ, ಸೋಪಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾಲರಿನ ಕೊಳೆ ಬಿಡಿಸುವ ಪುಡಿ ಒಂದು ಹಿಡಿ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಗೆ ಸುರಿದು ನೊರೆ ಉಕ್ಕುವ ತನಕ ಕುಲುಕಿದೆ. ಬಿಸಿಲು ಚುರುಗುಟ್ಟುತ್ತಿತ್ತು. ಒಳ್ಳೆಯದೇ ಆಯಿತು, ಬೇಗ ಒಣಗುತ್ತದೆ. ಬದನೆಗೆ, ಹುರುಳಿಕಾಯಿಗೆ ತೊಪ್ಪೆಯಾಗುವಷ್ಟು ಹೊಡೆದೆ. ಗಂಜಿ ಹಾಕಿದ ಬಟ್ಟೆಯನ್ನು ಬಿಡುವ ಹಾಗೆ ಹಾಗೇ ಬಿಟ್ಟೆ. ಹುಳ ಪಟಪಟ ಉದುರಿದವು.

ಬೀಗಿತ್ತಿ ಬಂದು ನೋಡಲಿ. ಬಾಯಿಬಿಟ್ಟು ಹೊಗಳದಿದ್ದರೂ ಒಳಗೊಳಗೇ…

ಮಾರ್ಚ್ 7, ಶುಕ್ರವಾರ

ಹೋಯಿತು.

ಎಲೆಗಳ ಅಂಚೆಲ್ಲ ಕಂದಿದೆ. ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಮರೆತರೆ ಆಗುತ್ತದಲ್ಲ — ಅದೇ ಬಣ್ಣ. ಕೆಲವು ಎಲೆ ಮುಟ್ಟಿದರೆ ಪುಡಿ.

ಒಂದು ಕರ್ಚೀಫನ್ನೂ ಜಾಲಿಸದೆ ಒಣಗಿಸಿದವಳಲ್ಲ. ಗಿಡ ಜಾಲಿಸದೆ ಬಿಟ್ಟೆ. ಅದೂ ಉರಿ ಬಿಸಿಲಲ್ಲಿ. ಈಗ ಬಕೆಟ್‌ಗಟ್ಟಲೆ ನೀರು ಸುರಿದದ್ದಾಯಿತು. ಕಂದಿದ್ದು ಕಂದಿತು.

ಮಗಳಿಗೆ ಹೇಳಲಿಲ್ಲ. ತಂಗಿಗೂ ಬರೆಯುವ ಹಾಗಿಲ್ಲ, ಅವಳಿಗೆ ಬರೆಯುವುದೂ ಡಂಗುರ ಹೊಡೆಸುವುದೂ ಒಂದೇ. ಇಲ್ಲಿ ಬರೆದಿದ್ದೇನೆ, ಸಾಕು.

ಮಾರ್ಚ್ 11, ಮಂಗಳವಾರ

ಬರೆಯಲು ಕೈ ಬಂದಿರಲಿಲ್ಲ.

ಶನಿವಾರ ಬೀಗಿತ್ತಿ ಬಂದವರೇ ಬ್ಯಾಗು ಇಳಿಸದೆ ತಾರಸಿಗೆ ಹೋದರು. ಕೆಳಗೆ ಬಂದಾಗ ಸೀರಿಯಸ್ ಕೇಸು ನೋಡಿ ಬಂದ ಮುಖ.

"ಅಂಟುರೋಗ," ಅಂದರು, ಊಟಕ್ಕೆ ಕೂತಾಗ. "ಹುಳಾನೇ ತಂದಿರೋದು. ಬದನೆಗೆ ಬಂತು, ಹುರುಳಿಕಾಯಿಗೆ ಬಂತು. ಇನ್ನು ಟೊಮೆಟೊಗೆ ಬರೋದೊಂದು ಬಾಕಿ."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ತುತ್ತು ಇಟ್ಟುಕೊಂಡೆ.

ಅವತ್ತಿನಿಂದ ಮಾಸ್ಕು, ಗ್ಲೌಸು. ನಾನು ಬಟ್ಟೆ ಒಣಹಾಕುವ ಹಗ್ಗವನ್ನೇ ಬಿಚ್ಚಿ ಗಿಡಗಳಿಗೆ ಅಡ್ಡ ಕಟ್ಟಿದ್ದಾರೆ. ಆ ಕಡೆ ಹೋಗಿ ಬಂದವರು ಕೈ ತೊಳೆಯಬೇಕು. ಸೋಪು ಹಾಕಿ. ಆ ಮಾತು ಬಂದಾಗಲೆಲ್ಲ ನನಗೆ ಬೆವರು. ಸಂಜೆ ಟೀ ಹೊತ್ತಿಗೆ ನನ್ನ ಹತ್ತಿರವೇ ದುಃಖ ತೋಡಿಕೊಳ್ಳುತ್ತಾರೆ. "ಏನು ಕಮ್ಮಿ ಮಾಡಿದ್ದೆ ಹೇಳಿ ಬೀಗ್ರೇ." ನಾನು ಲೊಚಗುಟ್ಟುತ್ತೇನೆ. ಟೀ ಕಹಿ.

ಇವತ್ತು ತೀರ್ಮಾನ ಆಯಿತು. ನಾಳೆ ಎಲ್ಲ ಕಿತ್ತು ಕಸದ ಗಾಡಿಗೆ, ಮಣ್ಣು ಸಮೇತ. ಏನೂ ಆಗದ ಮೆಣಸಿನ ಗಿಡ ಕೂಡ. ಮೊನ್ನೆ ತಾನೇ ಹೂ ಬಿಟ್ಟ ಟೊಮೆಟೊ ಕೂಡ.

ಹೇಳಿದರೆ ಬೀಗಿತ್ತಿಯ ಮನಸ್ಸು ಮುರಿಯುತ್ತದೆ. ಹೇಳದಿದ್ದರೆ ಗಿಡ ಹೋಗುತ್ತವೆ.

ಮಾರ್ಚ್ 12, ಬುಧವಾರ

ತಾರಸಿಗೆ ಹೋಗುವಷ್ಟರಲ್ಲಿ ಒಂದು ಬದನೆ ಗಿಡ ಬೇರು ಮೇಲಾಗಿ ನೆಲದ ಮೇಲಿತ್ತು. ಬೀಗಿತ್ತಿ ಎರಡನೆಯದರ ಬುಡಕ್ಕೆ ಕೈ ಹಾಕಿದ್ದರು.

"ಬಿಡಿ ರೀ ಅದನ್ನ. ಅದು ರೋಗ ಅಲ್ಲ."

"ಮತ್ತೇನು?"

"ನಾನು."

ಮಾಸ್ಕು ಕೆಳಗಿಳಿಸಿದರು. ಹೇಳಿದೆ. ವಿಚಾರಣೆ ಶುರುವಾಯಿತು.

"ಏನು ಹಾಕಿದ್ರಿ?"

"ಕಾಲರ್ ಪುಡಿ."

"ಎಷ್ಟು?"

"ಒಂದು ಹಿಡಿ."

"ಬಕೆಟ್‌ಗಾ?"

"ಬಾಟ್ಲಿಗೆ."

"ಯಾವ ಹೊತ್ತಲ್ಲಿ?"

"ನಡು ಮಧ್ಯಾಹ್ನ. ಬೇಗ ಒಣಗ್ಲಿ ಅಂತ."

ಬೋರಲು ಹಾಕಿದ್ದ ಬಕೆಟ್ ಮೇಲೆ ಕೂತುಬಿಟ್ಟರು. "ನಮ್ಮ ವಾರ್ಡಲ್ಲಿ ಯಾರಾದ್ರೂ ಹೀಗೆ ಔಷಧಿ ಕೊಟ್ಟಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ."

"ನನ್ನೂ ಕಳಿಸಿ."

"ಎಲೆ ಹೋದ್ರೆ ಚಿಗುರುತ್ತೆ ರೀ. ದಿನಾ ಎದುರಿಗೆ ಕೂತು ಲೊಚಗುಟ್ಟಿದ್ರಲ್ಲ, ಅದು…"

ಕಿತ್ತ ಗಿಡವನ್ನು ಅದೇ ಡಬ್ಬದಲ್ಲಿ ಮತ್ತೆ ನೆಟ್ಟು ಮಣ್ಣು ಒತ್ತಿದರು. ನೀರಿನ ಚೊಂಬು ಕೊಡಲು ಹೋದೆ. ಎದ್ದು ಹೋಗಿ ತಾವೇ ಬೇರೆ ತಂದುಕೊಂಡರು.

ಗಿಡ ಉಳಿದವು.

ಮಾರ್ಚ್ 14, ಶುಕ್ರವಾರ

ಮಗಳು ಪೋಸ್ಟ್‌ಮ್ಯಾನ್ ಆಗಿದ್ದಾಳೆ.

"ನಿಮ್ಮಮ್ಮನ್ನ ಕೇಳು, ಕೂಸಿನ ಟೋಪಿ ಒಣಗಿದೆಯಾ ಅಂತ." ನಾನು ಪಕ್ಕದಲ್ಲೇ ಕೂತಿದ್ದೇನೆ.

"ನಿಮ್ಮತ್ತೆಗೆ ಹೇಳು, ಒಣಗಿದೆ ಅಂತ."

"ಇದಕ್ಕಿಂತ ಕೂಸಿಗೇ ಬೇಗ ಮಾತು ಕಲಿಸಿಬಿಡ್ತೀನಿ, ಅದೇ ಹೇಳ್ಕೊಂಡು ಓಡಾಡ್ಲಿ," ಅಂದಳು. ತಮಾಷೆಯೇ, ಆದರೆ ದನಿ ಬಿದ್ದುಹೋಗಿತ್ತು. ಹೆದರಿದ್ದು ಇದಕ್ಕೇ.

ಭಾನುವಾರದ ಬಸ್ಸಿಗೆ ಹೊರಡುತ್ತೇನೆ. ಮನೆಯವರಿಗೆ ಫೋನ್ ಮಾಡಿ ಆದದ್ದೆಲ್ಲ ಹೇಳಿದೆ. ಸಮಾಧಾನ ಮಾಡುತ್ತಾರೆ ಅಂದುಕೊಂಡರೆ, "ಬಾ ಬಾ. ಆದ್ರೆ ಇಲ್ಲಿರೋ ಗಿಡಕ್ಕೆ ಕೈ ಹಾಕ್ಬೇಡ," ಅಂದರು.

ಮಾರ್ಚ್ 16, ಭಾನುವಾರ. ಸಂಜೆ

ಬಸ್ಸು ಹೋಯಿತು. ನಾನು ಹೋಗಲಿಲ್ಲ.

ಬ್ಯಾಗು ಕಟ್ಟಿಟ್ಟು, ಒಣಗಿದ ಬಟ್ಟೆ ತರಲು ತಾರಸಿಗೆ ಹೋಗಿದ್ದೆ. ಬೀಗಿತ್ತಿ ತಾವೇ ಸೋಪಿನ ನೀರು ಮಾಡುತ್ತಿದ್ದರು. ಹುಳ ಮತ್ತೆ ಬಂದಿವೆ, ಈಗ ಮೆಣಸಿನ ಗಿಡಕ್ಕೂ. ಬಣ್ಣ ವಾಸನೆ ಏನೂ ಇಲ್ಲದ ಬರೀ ಸೋಪು ತಂದು ತುರಿದಿದ್ದರು. ಕೈಯಲ್ಲಿ ಸಿರಿಂಜು. ಅಳತೆ ಅಂದರೆ ಅಳತೆ. ಆದರೆ ಬಾಟಲಿ ಒತ್ತಿದರೆ ಏನೂ ಬರುತ್ತಿಲ್ಲ. ಮೂತಿ ಕಟ್ಟಿಕೊಂಡಿದೆ. ನೀರು ಒಡೆದ ಹಾಲಿನ ಹಾಗೆ.

ಬೆನ್ನು ತಿರುಗಿಸಿ ಬಟ್ಟೆ ಮಡಿಸಿದೆ. ಅವರು ಬಾಟಲಿಯನ್ನು ಟ್ಯಾಂಕಿಗೆ ಕುಟ್ಟಿದರು. ಮತ್ತೊಂದು ಬಟ್ಟೆ ಮಡಿಸಿದೆ. ಮತ್ತೆ ಕುಟ್ಟಿದರು. ಎಷ್ಟೂಂತ ತಡೆಯುವುದು.

"ನೀರು ಯಾವ್ದು?"

ನಡುವೆ ಮಗಳಿರಲಿಲ್ಲ. ನೇರ ಉತ್ತರ ಕೊಡದೆ ಅವರಿಗೂ ವಿಧಿಯಿಲ್ಲ.

"ನಲ್ಲೀದು."

"ಅದು ಬೋರಿನ ಗಡಸು ನೀರು. ಸೋಪು ಮೊಸರಾಗುತ್ತೆ. ಕುಡಿಯೋ ಫಿಲ್ಟರ್ ನೀರು ತನ್ನಿ. ಸೋಪನ್ನ ತುರೀಬೇಡಿ, ಚಾಕೂಲಿ ತೆಳ್ಳಗೆ ಹೆರೆದು ಬಿಸಿನೀರಲ್ಲಿ ನೆನೆಹಾಕ್ಬೇಕು. ಕರಗಿದ್ಮೇಲೆ ಬಟ್ಟೇಲಿ ಸೋಸ್ಬೇಕು."

"ಹಾಗಿದ್ರೆ ನೀವೇ ಮಾಡಿ."

"ನಾನು ಮುಟ್ಟಲ್ಲ ತಾಯಿ."

"ಮುಟ್ಟಿ. ಅಳತೆ ನಂದು, ಕಲಸೋದು ನಿಮ್ದು. ಹಿಡಿ ಗಿಡಿ ಅಂದ್ರೆ ನೋಡಿ ಮತ್ತೆ."

ಲೀಟರ್ ನೀರಿಗೆ ಒಂದು ಟೀ ಚಮಚದಷ್ಟು ಸೋಪು. ಅಷ್ಟೇನಾ ಅಂದೆ. ಅಷ್ಟೇ ಅಂದರು. ನೊರೆಯೇ ಬರುವುದಿಲ್ಲವಲ್ಲ ಅಂದೆ. ನೊರೆ ಯಾರಿಗೆ ಬೇಕು, ಹುಳಕ್ಕೇನು ಸ್ನಾನ ಮಾಡಿಸ್ತಿದ್ದೀವಾ ಅಂದರು. ನಕ್ಕೆವು. ಬಸ್ಸಿನ ಹೊತ್ತು ದಾಟಿದ್ದು ಆಮೇಲೆ ನೆನಪಾಯಿತು.

ಒಂದೇ ಒಂದು ಎಲೆಗೆ ಹೊಡೆದು ದಾರ ಕಟ್ಟಿ ಬಂದಿದ್ದೇವೆ. ನಾಳೆ ತನಕ ಆ ಎಲೆ ಚೆನ್ನಾಗಿದ್ದರೆ ಮಾತ್ರ ಮುಂದಿನ ಮಾತು. ಆಸ್ಪತ್ರೆಯಲ್ಲಿ ಹಾಗೇ ಅಂತೆ, ಮೊದಲು ಟೆಸ್ಟ್ ಡೋಸು.

ಮಾರ್ಚ್ 17, ಸೋಮವಾರ

ಎಲೆ ಹಸಿರಾಗೇ ಇದೆ. ಬೆಳಗ್ಗೆಯಿಂದ ನಾನು ಎಷ್ಟು ಸಲ ಹತ್ತಿ ಇಳಿದೆನೋ. "ರೋಗೀನ ಮಲ್ಕೊಳ್ಳೋಕೆ ಬಿಡ್ರೀ," ಅಂತ ಬೈಸಿಕೊಂಡೆ.

ಬಿಸಿಲು ಇಳಿದ ಮೇಲೆ ಹೊಡೆದೆವು. ಅವರು ಎಲೆ ಮಗುಚಿ ಹಿಡಿಯುವುದು, ನಾನು ಅಡಿಭಾಗಕ್ಕೆ ಹೊಡೆಯುವುದು. ಹುಳದ ಮೈಗೆ ತಾಗಿದರಷ್ಟೇ ಕೆಲಸ. ಮೇಲೆ ಮೇಲೆ ಸಿಂಪಡಿಸಿದರೆ ಎಲೆಗೆ ಮುಖ ತೊಳೆಸಿದ ಹಾಗೆ, ಅಷ್ಟೇ. ಆಮೇಲೆ ಬರೀ ನೀರಲ್ಲಿ ಜಾಲಿಸಿದೆ. ಈ ಸಲ ಮರೆಯಲಿಲ್ಲ.

ಮಾರ್ಚ್ 22, ಶನಿವಾರ

ಹುಳ ಅರ್ಧಕ್ಕರ್ಧ ಇಳಿದಿವೆ. ಒಂದೇ ಸಲಕ್ಕೆ ಹೋಗುವುದಿಲ್ಲ, ತಪ್ಪಿಸಿಕೊಂಡವು ಮತ್ತೆ ಮರಿ ಹಾಕುತ್ತವೆ. ಇವತ್ತು ಎರಡನೇ ಡೋಸು.

ಹುರುಳಿಕಾಯಿ ಬಳ್ಳಿಯ ಮೇಲೆ ಗುಲಗಂಜಿ ಹುಳ ಕೂತಿತ್ತು — ಕೆಂಪು ಬೆನ್ನು, ಕರಿ ಚುಕ್ಕಿ. ಹೊಡೆಯಲು ಹೋದೆ. ಬೀಗಿತ್ತಿ ಕೈ ಹಿಡಿದರು. "ಅದು ನಮ್ಮ ಸ್ಟಾಫು. ಹೇನು ತಿನ್ನುತ್ತೆ." ಸ್ಟಾಫ್ ಇರುವ ಬಳ್ಳಿಗೆ ಇವತ್ತು ಸೋಪಿಲ್ಲ.

ಕೂಸು ಮೊದಲ ಸಲ ಮಗ್ಗುಲಾಯಿತು. ಇಬ್ಬರೂ ತಾರಸಿಯಲ್ಲಿದ್ದೆವು, ಇಬ್ಬರಿಗೂ ತಪ್ಪಿತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಾರ್ಚ್ 30, ಭಾನುವಾರ

ಬದನೆ ಚಿಗುರಿದೆ. ಕಂದಿದ ಎಲೆಗಳ ಮಧ್ಯೆ ಹೊಸವು, ಮುದುರದೆ ಚಪ್ಪಟೆಯಾಗಿ. ಕಿತ್ತು ಮತ್ತೆ ನೆಟ್ಟ ಗಿಡವೂ ತಲೆ ಎತ್ತಿದೆ. ಹುಳ ಹುಡುಕಿದರೆ ಒಂದೆರಡು. ಇರಲಿ, ಸ್ಟಾಫಿಗೂ ಊಟ ಬೇಕಲ್ಲ.

ಎರಡನೇ ಮಹಡಿಯ ಟೈಲರಮ್ಮ ಬಂದಿದ್ದರು. ಅವರ ಟೊಮೆಟೊಗೂ ಹೇನು ಹಿಡಿದಿದೆಯಂತೆ, ಸಿಸ್ಟರ್ ಔಷಧಿ ಹೇಳಿ ಅಂತ. ಬೀಗಿತ್ತಿ ಸೋಪು, ನೀರು, ಹೊತ್ತು ಎಲ್ಲ ಹೇಳಿದರು. ಅಲ್ಲಿಗೆ ಬಿಡಬಾರದೇ. "ಹೇಗೆ ಮಾಡಬಾರ್ದು ಅನ್ನೋದು ನಮ್ಮ ಬೀಗರಿಗೆ ಚೆನ್ನಾಗಿ ಗೊತ್ತು," ಅಂತ ಶುರು ಮಾಡಿದರು. ಕಾಲರ್ ಪುಡಿ, ನಡು ಮಧ್ಯಾಹ್ನ, ಮಾಸ್ಕು, ಗ್ಲೌಸು — ತಮ್ಮನ್ನೂ ಬಿಡಲಿಲ್ಲ. "ನಾನೂ ದೊಡ್ಡ ಡಾಕ್ಟರ ಥರ ಅಂಟುರೋಗ ಅಂದೆ ನೋಡಿ." ಟೈಲರಮ್ಮ ನಕ್ಕು ನಕ್ಕು ಬಾಗಿಲು ಹಿಡಿದುಕೊಂಡರು. ನಾನು ಯಾವುದನ್ನು ಬಚ್ಚಿಟ್ಟುಕೊಂಡು ಬೆವತೆನೋ ಅದನ್ನು ಬೀಗಿತ್ತಿ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಹೇಳಿದರು.

ಟೈಲರಮ್ಮನನ್ನು ಬಿಡಲು ಹೋದವರು ಇನ್ನೂ ಮೆಟ್ಟಿಲ ಮೇಲೇ ಇದ್ದಾರೆ. ಕೆಳಗಿನ ಮನೆಯವರೂ ಸೇರಿಕೊಂಡ ಹಾಗಿದೆ. ಕಥೆ ಮೊದಲಿಂದ ಶುರು. ಇಲ್ಲಿಗೆ ಕೇಳಿಸುತ್ತಿದೆ — ಒಂದು ಹಿಡಿ ಈಗ ಎರಡು ಹಿಡಿ ಆಯಿತು. ಹೀಗೇ ಬಿಟ್ಟರೆ ಸಂಜೆಗೆ ಒಂದು ಬಕೆಟ್ ಆಗುತ್ತದೆ. ಹೋಗಿ ಸರಿಮಾಡಿ ಬರಬೇಕು.