ಕಾಜಾಣವನ್ನು ಕೋಗಿಲೆ ಎನ್ನು

ಸಿದ್ದು,

ನೀನು ಹೊಲದಿಂದ ಬರುವುದರೊಳಗೆ ನಾನು ಬಸ್ಸು ಹತ್ತಿರುತ್ತೇನೆ. ಅವ್ವನ ರಿಪೋರ್ಟು ತೋರಿಸಲು ಕಲಬುರಗಿಗೆ ಹೊರಟಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ, ಪಲ್ಲೆ ಬಿಸಿ ಮಾಡು. ಗುಳಿಗೆ ಉಂಡ ಮೇಲೆ ಕೊಡು, ಮೊದಲಲ್ಲ.

ಬಂದ ಕೂಡಲೇ ಅವಳನ್ನು ಕಿಟಕಿಯ ಹತ್ತಿರ ಕೂಡ್ರಿಸು. ಅದರ ಮುಂದೆ ಬೈಕು ನಿಲ್ಲಿಸಬೇಡ ಎಂದು ಎಷ್ಟು ಸಲ ಹೇಳಬೇಕು? ಎದುರಿನ ಕರೆಂಟಿನ ತಂತಿಯ ಮೇಲೆ ಕಾಜಾಣ ಬರುತ್ತದೆ. ನಮ್ಮಿಬ್ಬರಿಗೂ ಅವ್ವ ಹಕ್ಕಿಗಳ ಹೆಸರು ಕಲಿಸಿದ್ದು ಅದೇ ಕಿಟಕಿಯಲ್ಲಿ. ತಪ್ಪು ಹೇಳಿದರೆ ತಲೆಗೆ ಮೊಟಕುತ್ತಿದ್ದಳು: "ಕಣ್ಣ ಎಲ್ಲಿಟ್ಟಿ ಬೇ? ಬಾಲ ನೋಡು, ಕತ್ತರಿ ಹಂಗ ಅದ."

ಅವಳು ನನ್ನ ಹೆಸರು ಹಿಡಿದು ಕರೆಯದೆ ತಿಂಗಳಾಯಿತು. ಹಕ್ಕಿಗಳನ್ನಾದರೂ ಮರೆತಿಲ್ಲ ಎಂದುಕೊಂಡಿದ್ದೆ. ನಿನ್ನೆ ಕಾಜಾಣ ಬಂದಾಗ ಬೇಕೆಂದೇ, "ಅವ್ವಾ, ಕೋಗಿಲೆ ಬಂದದ ನೋಡು" ಎಂದೆ. ಬೈಸಿಕೊಳ್ಳುವ ಆಸೆ ನನಗೆ. ಅವಳು ಸೆರಗು ಸರಿ ಮಾಡಿಕೊಂಡು, ಮನೆಗೆ ಬಂದ ಬೀಗರ ಜೊತೆ ಮಾತಾಡುವ ಹಾಗೆ, "ಹೌದೇನ್ರಿ, ಇದ್ದೀತು. ಚಹಾ ಕುಡದು ಹೋಗ್ರಿ" ಎಂದಳು.

ಹೆತ್ತ ಮಗಳಿಗೆ ರೀ ಎಂದಳು, ಸಿದ್ದು. ನಾನೇ ಚಹಾ ಮಾಡಿಕೊಂಡು ಬಂದು, ಅವಳ ಎದುರು ಬೀಗಿತ್ತಿಯ ಹಾಗೆ ಕುಳಿತು ಕುಡಿದೆ.

ಇವತ್ತು ನೀನೂ ತಪ್ಪು ಹೆಸರು ಹೇಳಿ ನೋಡು. ನಗಬೇಡ, ನೀನಾಗಿ ತಿದ್ದಬೇಡ. ಅವಳು ಬೈದರೆ, ಒಂದೇ ಒಂದು ಮಾತು ಬೈದರೂ ಸಾಕು, ಆಗಲೇ ಫೋನ್ ಮಾಡು. ಬಸ್ಸು ಜೇವರ್ಗಿ ದಾಟಿದ್ದರೂ ಇಳಿದು ಬರುತ್ತೇನೆ.

ಅಕ್ಕ